ಹಳೆಯ ಪಿಕಪ್ ಟ್ರಕ್ಕಿಗೆ ಎತ್ತರದ ಸ್ಪ್ರಿಂಗ್ ಆರಿಸುವ ಕ್ರಮ

ಹಳೆಯ ಪಿಕಪ್ ಟ್ರಕ್ಕನ್ನು ಎತ್ತರಿಸಬೇಕೆಂದು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಇಂಚು ಏರುತ್ತದೆ’ ಎಂಬುದು. ಅದಕ್ಕೂ ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಈ ಗಾಡಿ ದಿನನಿತ್ಯ ಎಷ್ಟು ಭಾರ ಹೊರುತ್ತದೆ’ ಎಂಬುದು. ಸ್ಪ್ರಿಂಗ್ ಗಾಡಿಯನ್ನು ಯಾವ ಎತ್ತರದಲ್ಲಿ ನಿಲ್ಲಿಸುತ್ತದೆ ಎನ್ನುವುದು ಅದರ ಮೇಲೆ ಕೂರುವ ತೂಕವನ್ನು ಅವಲಂಬಿಸಿದೆ. ಆದ್ದರಿಂದ ‘50 ಮಿ.ಮೀ. ಲಿಫ್ಟ್’ ಎಂಬ ಚೀಟಿ ಅಂಟಿಸಿಕೊಂಡು ಬಂದ ಸ್ಪ್ರಿಂಗ್ ಖಾಲಿ ಗಾಡಿಯನ್ನು ಅದಕ್ಕಿಂತ ಬಹಳ ಮೇಲೆ ಎತ್ತಬಹುದು, ಸದಾ ಸಾಮಾನು ತುಂಬಿದ ಗಾಡಿಯಲ್ಲಿ ಅದರ ಅರ್ಧವನ್ನೂ ಕೊಡದೆ ಹೋಗಬಹುದು. ತೂಕ ಗೊತ್ತಿಲ್ಲದೆ ಎತ್ತರ ನೋಡಿ ಕೊಂಡ ಸ್ಪ್ರಿಂಗ್ ಹಳೆಯ ಗಾಡಿಗೆ ಹಿತ ತರುವುದು ಅಪರೂಪ. ಈ ಬರಹದ ಉದ್ದಕ್ಕೂ ನಾನು ಒತ್ತಿ ಹೇಳುವುದು ಇದನ್ನೇ: ತೂಕಕ್ಕೆ ಸ್ಪ್ರಿಂಗ್ ಆರಿಸಿ, ಆಮೇಲೆ ಎತ್ತರವನ್ನು ಅದಕ್ಕೆ ಹೊಂದಿಸಿ.

ಮೊದಲು ಈಗಿನ ಎತ್ತರ

ಹಲವು ವರ್ಷ ದುಡಿದ ಗಾಡಿಯ ಸ್ಪ್ರಿಂಗುಗಳು ಸಾಮಾನ್ಯವಾಗಿ ಕೂತಿರುತ್ತವೆ, ಅಂದರೆ ಬಳಲಿ ಮೊದಲಿನ ಎತ್ತರ ಕಳೆದುಕೊಂಡಿರುತ್ತವೆ. ಎಷ್ಟು ಕೂತಿವೆ ಎಂದು ತಿಳಿಯದೆ ಹೊಸದನ್ನು ತರಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ತಯಾರಕರು ಹೇಳುವ 50 ಮಿ.ಮೀ. ಎಂಬುದು ಕಾರ್ಖಾನೆಯಿಂದ ಹೊರಬಂದ ದಿನದ ಎತ್ತರಕ್ಕೆ ಸೇರಿಸಬೇಕಾದ ಅಳತೆ. ನಿಮ್ಮ ಸ್ಪ್ರಿಂಗ್ ಈಗಾಗಲೇ 30 ಮಿ.ಮೀ. ಕೂತಿದ್ದರೆ, ಹೊಸದನ್ನು ಹಾಕಿದ ಮರುದಿನ ಗಾಡಿ ಇವತ್ತಿಗಿಂತ 80 ಮಿ.ಮೀ. ಮೇಲೆ ನಿಂತಿರುತ್ತದೆ. ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್, ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ತಿರುಗುಬಲ ಒಯ್ಯುವ ಪ್ರೊಪೆಲರ್ ಶಾಫ್ಟ್ ಇವೆಲ್ಲ ಆ 80ನ್ನು ಒಂದೇ ಸಲ ಎದುರಿಸಬೇಕಾಗುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಅಳೆಯುವ ಕ್ರಮ ಸರಳವಾದರೂ ಶಿಸ್ತು ಬೇಡುತ್ತದೆ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಸರಿಪಡಿಸಿ, ಟ್ಯಾಂಕಿನಲ್ಲಿ ಎಷ್ಟು ಇಂಧನವಿದೆ ಎಂದು ಬರೆದಿಟ್ಟುಕೊಳ್ಳಿ. ಗಾಡಿಯನ್ನು ಒಂದೆರಡು ಮೀಟರ್ ಹಿಂದಕ್ಕೂ ಮುಂದಕ್ಕೂ ತಳ್ಳಿ ತಂದರೆ ಜಾಕ್ ಇಳಿಸಿದಾಗ ಅಥವಾ ತಿರುಗಿಸಿ ನಿಲ್ಲಿಸಿದಾಗ ಟೈರುಗಳಲ್ಲಿ ಉಳಿದಿದ್ದ ಪಕ್ಕದ ಎಳೆತ ಬಿಟ್ಟುಹೋಗುತ್ತದೆ. ಆಮೇಲೆ ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದು, ನಾಲ್ಕು ಮೂಲೆಗಳಲ್ಲಿಯೂ ಬೇರೆಬೇರೆಯಾಗಿ ಅಳೆದು ಬರೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾತ್ರ, ಸವೆತ, ಗಾಳಿ ಇವೆಲ್ಲ ಆ ಅಳತೆಯೊಳಗೆ ನುಸುಳುತ್ತವೆ, ನಮಗೆ ಬೇಕಾದದ್ದು ಸ್ಪ್ರಿಂಗಿನ ಸಂಗತಿ ಮಾತ್ರ. ಮೂಲ ಎತ್ತರ ಎಷ್ಟಿತ್ತು ಎಂಬುದು ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ, ಕೆಲವು ಮಾದರಿಗಳಿಗೆ ಆಕ್ಸಲ್ ಮತ್ತು ಬಂಪ್ ಸ್ಟಾಪ್ (ಆಕ್ಸಲ್ ಮೇಲೇರಿ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ನಡುವಿನ ಅಂತರವಾಗಿ ಕೊಟ್ಟಿರುತ್ತಾರೆ.

ಅಳತೆಯ ಜೊತೆಗೆ ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಗಾಡಿಯ ಕೆಳಗೆ ಟಾರ್ಚ್ ಹಿಡಿದು ಹಿಂದಿನ ಕಮಾನು ಪಟ್ಟಿಗಳನ್ನು, ಅಂದರೆ ಒಂದರ ಮೇಲೊಂದು ಕಟ್ಟಿದ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗನ್ನು, ನೋಡಿ. ಖಾಲಿ ಗಾಡಿಯಲ್ಲಿಯೇ ಮೇಲಿನ ಮುಖ್ಯ ಪಟ್ಟಿ ಚಪ್ಪಟೆಯಾಗಿದ್ದರೆ ಅಥವಾ ಉಲ್ಟಾ ಬಾಗಿದ್ದರೆ, ಬಂಪ್ ಸ್ಟಾಪಿನ ರಬ್ಬರ್ ಹೊಡೆಸಿಕೊಂಡು ಹರಿದಿದ್ದರೆ, ಕೆಳಗಿನ ಪಟ್ಟಿಯ ತುದಿ ಮೇಲಿನ ಪಟ್ಟಿಯಲ್ಲಿ ಬೆರಳಿಗೆ ಸಿಗುವಷ್ಟು ಕಚ್ಚು ಕೊರೆದಿದ್ದರೆ, ಪಟ್ಟಿಗಳ ನಡುವೆ ತುಕ್ಕು ಉಬ್ಬಿ ಅವುಗಳನ್ನು ಅಗಲಿಸಿದ್ದರೆ, ಆ ಕಟ್ಟಿನ ಆಯಸ್ಸು ಮುಗಿದಿದೆ. ಇಂಥ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿ ಎತ್ತರಿಸುವ ಯೋಚನೆ ಬೇಡ. ಗಾಡಿ ಒಂದು ಕಡೆಗೆ ವಾಲಿದ್ದರೆ ಕಾರಣವನ್ನು ಮೊದಲು ಹುಡುಕಬೇಕು. ಸೀಳಿದ ಒಂದು ಪಟ್ಟಿ, ಸವೆದ ಶ್ಯಾಕಲ್ ಬುಶ್ (ಶ್ಯಾಕಲ್ ಎಂದರೆ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ, ಬುಶ್ ಅದರ ಕೀಲಿನ ರಬ್ಬರ್ ಕೊಳವೆ), ಇಂಧನ ಟ್ಯಾಂಕ್ ಇರುವ ಬದಿ, ಸದಾ ಒಬ್ಬರೇ ಕೂರುವ ಚಾಲಕನ ಬದಿ, ಸ್ಪ್ರಿಂಗ್ ಹಿಡಿಯುವ ಹ್ಯಾಂಗರಿನ ಸುತ್ತ ಚಾಸಿಯಲ್ಲಿ ಬಂದ ಬಿರುಕು, ಇವುಗಳಲ್ಲಿ ಯಾವುದೂ ಆಗಿರಬಹುದು. ಕೊನೆಯದಾದರೆ ಸ್ಪ್ರಿಂಗ್ ಕೊಳ್ಳುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಚಾಸಿಯ ಕೆಲಸ ಮಾಡಿಸಬೇಕು.

ಈ ಹಂತದಲ್ಲಿ ಎಷ್ಟೋ ಮಂದಿಗೆ ಉತ್ತರ ಸಿಕ್ಕಿಬಿಡುತ್ತದೆ. ಗಾಡಿ 30–40 ಮಿ.ಮೀ. ಕೂತಿದ್ದು, ಸ್ವಲ್ಪ ದೊಡ್ಡ ಟೈರಿಗೆ ಜಾಗ ಮತ್ತು ಕೆಟ್ಟ ರಸ್ತೆಯಲ್ಲಿ ತಳ ತಾಗದಿರುವಷ್ಟು ಅಂತರ ಮಾತ್ರ ಬೇಕೆಂದಿದ್ದರೆ, ಮೂಲ ಎತ್ತರದ ಹೊಸ ಸ್ಪ್ರಿಂಗುಗಳೇ ಆ ಕೆಲಸ ಮಾಡುತ್ತವೆ, ಬೇರೆ ಯಾವ ಭಾಗವನ್ನೂ ಮುಟ್ಟಬೇಕಾಗುವುದಿಲ್ಲ.

ತೂಕದ ಲೆಕ್ಕ

ವೇಬ್ರಿಡ್ಜ್‌ಗೆ ಹೋಗಿ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ತೂಕಗಳನ್ನು ಬೇರೆಬೇರೆಯಾಗಿ ಹಾಕಿಸಿಕೊಳ್ಳಿ, ಒಮ್ಮೆ ಖಾಲಿಯಾಗಿ, ಇನ್ನೊಮ್ಮೆ ನೀವು ದಿನವೂ ಒಯ್ಯುವ ಸಾಮಾನಿನೊಂದಿಗೆ. ಇಳಿಸದೆ ಸದಾ ಇರುವ ಭಾರ ಮತ್ತು ಅಪರೂಪಕ್ಕೆ ಹೇರುವ ಭಾರ ಇವೆರಡನ್ನು ಬೇರೆ ಇಡುವುದು ಇಡೀ ಆಯ್ಕೆಯ ಬುಡ. ಉಕ್ಕಿನ ಬಂಪರ್, ವಿಂಚ್, ಮೇಲ್ಛಾವಣಿ, ಉಪಕರಣದ ಪೆಟ್ಟಿಗೆ, ಎರಡನೆಯ ಬ್ಯಾಟರಿ ಇವು ಸದಾ ಇರುವ ಭಾರ. ತಿಂಗಳಿಗೊಮ್ಮೆ ತುಂಬುವ ಮರಳೋ ಗೊಬ್ಬರವೋ ಅಪರೂಪದ ಭಾರ.

ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ಪೂರ್ತಿ ನೋಡೋಣ. ಖಾಲಿ ಗಾಡಿಯ ಹಿಂದಿನ ಆಕ್ಸಲ್ 720 ಕೆ.ಜಿ. ತೂಗಿತು ಎಂದುಕೊಳ್ಳಿ. ಆಕ್ಸಲ್, ಚಕ್ರ, ಬ್ರೇಕ್ ಡ್ರಮ್ ಇವು ಸ್ಪ್ರಿಂಗಿನ ಕೆಳಗಿರುವ ಭಾಗಗಳು. ಇವುಗಳಿಗೆ 180 ಕೆ.ಜಿ. ಕಳೆದರೆ ಎರಡು ಸ್ಪ್ರಿಂಗುಗಳ ಮೇಲೆ 540, ಒಂದೊಂದರ ಮೇಲೆ 270 ಕೆ.ಜಿ. ಕೂತಂತಾಯಿತು. ಸ್ಪ್ರಿಂಗಿನ ಬಿಗಿತ, ಅಂದರೆ ಸ್ಪ್ರಿಂಗ್ ರೇಟ್, ಮಿ.ಮೀ.ಗೆ 3 ಕೆ.ಜಿ. ಇದ್ದರೆ ಅದು 90 ಮಿ.ಮೀ. ತಗ್ಗಿ ನಿಲ್ಲುತ್ತದೆ. ಬಿಡಿಯಾಗಿದ್ದಾಗ ಅದೇ ಆಕಾರವಿರುವ, ಆದರೆ ಮಿ.ಮೀ.ಗೆ 4.5 ಕೆ.ಜಿ. ಬಿಗಿತವಿರುವ ಇನ್ನೊಂದು ಸ್ಪ್ರಿಂಗ್ ಹಾಕಿದರೆ ತಗ್ಗುವುದು 60 ಮಿ.ಮೀ. ಮಾತ್ರ. ಗಾಡಿ 30 ಮಿ.ಮೀ. ಏರಿತು. ಅದೇ 30 ಮಿ.ಮೀ.ಯನ್ನು ಹಳೆಯ ಬಿಗಿತವನ್ನೇ ಉಳಿಸಿಕೊಂಡು, ಕಮಾನಿನ ಬಾಗನ್ನು 30 ಮಿ.ಮೀ. ಹೆಚ್ಚಿಸಿಯೂ ಪಡೆಯಬಹುದಿತ್ತು. ಟೇಪಿನ ಮೇಲೆ ಎರಡೂ ಒಂದೇ, ರಸ್ತೆಯ ಮೇಲೆ ಎರಡೂ ಬೇರೆ.

ಬೇರೆ ಏಕೆಂದರೆ ಗಾಡಿಯ ಹಿಂಭಾಗ ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯಲು ಬಯಸುತ್ತದೆ ಎಂಬುದು ಈ ತಗ್ಗುವಿಕೆಯಿಂದಲೇ ಬರುತ್ತದೆ. 90 ಮಿ.ಮೀ. ತಗ್ಗಿ ನಿಂತ ಗಾಡಿ ಸೆಕೆಂಡಿಗೆ ಸುಮಾರು 1.7 ಬಾರಿ, 60 ಮಿ.ಮೀ. ತಗ್ಗಿ ನಿಂತದ್ದು ಸುಮಾರು 2 ಬಾರಿ ಏರಿಳಿಯುತ್ತದೆ. ಅಂಕಿಯಲ್ಲಿ ಅಂತರ ಕಿರಿದು, ಆದರೆ 2ನ್ನು ದಾಟಿದ ಮೇಲೆ ಪ್ರತಿ ಹಂಪು ಬೆನ್ನಿಗೆ ಒದ್ದಂತೆ ಬಡಿಯುತ್ತದೆ, ಜಲ್ಲಿ ರಸ್ತೆಯಲ್ಲಿ ಖಾಲಿ ಗಾಡಿಯ ಹಿಂದಿನ ಚಕ್ರ ನೆಲ ಬಿಟ್ಟು ಹಾರತೊಡಗಿ ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರುತ್ತದೆ.

ಈಗ ಅದೇ ಗಾಡಿಗೆ 300 ಕೆ.ಜಿ. ಸದಾ ಇರುವ ಭಾರ ಸೇರಿಸಿ ನೋಡಿ. ಒಂದೊಂದು ಸ್ಪ್ರಿಂಗಿನ ಮೇಲೆ 420 ಕೆ.ಜಿ. ಬಂತು. ಹಳೆಯ ಸ್ಪ್ರಿಂಗ್ 140 ಮಿ.ಮೀ. ತಗ್ಗಿ ಬಂಪ್ ಸ್ಟಾಪಿನ ಹತ್ತಿರ ಹೋಗಿ ಕೂರುತ್ತದೆ. ಬಿಗಿಯಾದದ್ದು ಸುಮಾರು 93 ಮಿ.ಮೀ.ಗೆ ನಿಂತು, ಮೂಲ ಗಾಡಿ ಖಾಲಿಯಿದ್ದಾಗ ಹೇಗೆ ಓಡುತ್ತಿತ್ತೋ ಹೆಚ್ಚುಕಡಿಮೆ ಹಾಗೆಯೇ ಓಡುತ್ತದೆ. ಹೀಗೆ ಖಾಲಿ ಓಡುವವನಿಗೆ ಶಿಕ್ಷೆಯಾಗುವ ಸ್ಪ್ರಿಂಗೇ ಸದಾ ಭಾರ ಹೊರುವವನಿಗೆ ಸರಿಯಾದ ಸ್ಪ್ರಿಂಗ್. ಒಳ್ಳೆಯ ತಯಾರಕರು ಒಂದೇ ಎತ್ತರದ ಸ್ಪ್ರಿಂಗನ್ನು ಖಾಲಿ, ಮಧ್ಯಮ, ಭಾರಿ ಎಂದು, ಅಥವಾ ಸದಾ ಇರುವ 100, 200, 300 ಕೆ.ಜಿ.ಗೆ ಎಂದು ಬೇರೆಬೇರೆ ಮಾಡಿ ಮಾರುವುದು ಈ ಕಾರಣಕ್ಕೆ. ತೂಕ ಕೇಳದೆ ಎತ್ತರ ಮಾತ್ರ ಹೇಳಿ ಮಾರುವವರಿಂದ ನಾನು ಕೊಳ್ಳುವುದಿಲ್ಲ.

ಹೇರುವ ಭಾರ ಎಲ್ಲಿ ಕೂರುತ್ತದೆ ಎಂಬುದೂ ಗಣನೆಗೆ ಬರಬೇಕು. ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 3000 ಮಿ.ಮೀ. ಇರುವ ಗಾಡಿಯಲ್ಲಿ 100 ಕೆ.ಜಿ.ಯನ್ನು ಹಿಂದಿನ ಆಕ್ಸಲ್‌ಗಿಂತ 900 ಮಿ.ಮೀ. ಹಿಂದೆ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 130 ಕೆ.ಜಿ.; ಮುಂದಿನದರಿಂದ 30 ಕೆ.ಜಿ. ಕಳೆದುಹೋಗುತ್ತದೆ. ಟ್ರೇಲರ್ ಎಳೆಯುವವರ ಗಾಡಿ ಹಿಂದೆ ತಗ್ಗಿ ಮುಂದೆ ಏರುವುದು, ಸ್ಟೇರಿಂಗ್ ಹಗುರಾಗುವುದು ಇದರಿಂದಲೇ. ಮುಂದುಗಡೆ ಉಕ್ಕಿನ ಬಂಪರ್ ಮತ್ತು ವಿಂಚ್ ಹಾಕಿದಾಗ ಇದೇ ಲೆಕ್ಕ ತಿರುವುಮುರುವಾಗುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಗಟ್ಟಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಗಾಡಿಯ ಹೊರುವ ಸಾಮರ್ಥ್ಯ ಹೆಚ್ಚುವುದಿಲ್ಲ. ತಯಾರಕರ ಫಲಕದಲ್ಲಿ ಬರೆದ ಒಟ್ಟು ತೂಕದ ಮಿತಿಯನ್ನು ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿ ಮತ್ತು ಟೈರುಗಳು ಸೇರಿ ನಿರ್ಧರಿಸಿವೆ. ಹಿಂಭಾಗ ಕುಸಿಯದೆ ಮಟ್ಟಸವಾಗಿ ನಿಂತಿದೆ ಎಂದು ಇನ್ನಷ್ಟು ಹೇರುವುದು ಹಳೆಯ ಚಾಸಿಯನ್ನು ಸೀಳುವ ಹಾದಿ.

ಹಿಂದಿನ ಕಮಾನು ಪಟ್ಟಿಗಳು

ಹಳೆಯ ಪಿಕಪ್ಪುಗಳ ಹಿಂಭಾಗದಲ್ಲಿ ಬಹುಮಟ್ಟಿಗೆ ಲೀಫ್ ಸ್ಪ್ರಿಂಗೇ ಇರುತ್ತದೆ, ಹಣ ಹೆಚ್ಚು ಪೋಲಾಗುವುದೂ ಇಲ್ಲಿಯೇ. ಪಟ್ಟಿಯ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ, ಉದ್ದದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ. 7 ಮಿ.ಮೀ. ದಪ್ಪದ ಪಟ್ಟಿಯ ಬದಲು 8 ಮಿ.ಮೀ.ದನ್ನು ಹಾಕಿದರೆ ಆ ಪಟ್ಟಿ ಸುಮಾರು ಒಂದೂವರೆ ಪಟ್ಟು ಬಿಗಿಯಾಗುತ್ತದೆ, ಉದ್ದ ಶೇ. 10 ಹೆಚ್ಚಾದರೆ ಕಾಲುಭಾಗ ಮೆದುವಾಗುತ್ತದೆ. ಆದ್ದರಿಂದ ‘ಆರು ಪಟ್ಟಿಯದು ಐದು ಪಟ್ಟಿಯದಕ್ಕಿಂತ ಗಟ್ಟಿ’ ಎಂದು ಎಣಿಸಿ ಹೇಳುವುದರಲ್ಲಿ ಅರ್ಥವಿಲ್ಲ. ಐದು ದಪ್ಪ ಪಟ್ಟಿಗಳಿಗಿಂತ ಎಂಟು ತೆಳು ಪಟ್ಟಿಗಳ ಕಟ್ಟು ಮೆದುವಾಗಿರಬಹುದು, ಮತ್ತು ಹೆಚ್ಚಾಗಿ ಬಾಳಿಕೆಯೂ ಬರಬಹುದು, ಏಕೆಂದರೆ ಒಂದೇ ಬಾಗಿಗೆ ತೆಳು ಪಟ್ಟಿಯ ಮೇಲ್ಮೈ ಅನುಭವಿಸುವ ಒತ್ತಡ ಕಡಿಮೆ.

ಅಪರೂಪಕ್ಕೆ ಮಾತ್ರ ಭಾರ ಹೇರುವವರು ಎರಡು ಹಂತದ ಕಟ್ಟನ್ನು ಹುಡುಕುವುದು ಒಳ್ಳೆಯದು. ಇದರಲ್ಲಿ ಮೇಲಿನ ಪಟ್ಟಿಗಳು ಖಾಲಿ ಗಾಡಿಯನ್ನು ಮೆತ್ತಗೆ ಹೊರುತ್ತವೆ. ಕೆಳಗೆ ಚಪ್ಪಟೆಯಾಗಿ ಕೂತ ಒಂದೆರಡು ದಪ್ಪ ಪಟ್ಟಿಗಳು ಭಾರ ಬಿದ್ದು ಕಮಾನು ಇಳಿದಾಗ ಮಾತ್ರ ತಾಗಿ ಕೆಲಸಕ್ಕೆ ಬರುತ್ತವೆ. ಕೊಳ್ಳುವಾಗ ಖಾಲಿ ಸ್ಥಿತಿಯಲ್ಲಿ ಈ ಕೆಳಪಟ್ಟಿಯ ತುದಿಗೂ ಮೇಲಿನದಕ್ಕೂ ನಡುವೆ ಸಾಕಷ್ಟು ಅಂತರವಿದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಅದು ಮೊದಲ ಹಂಪಿನಲ್ಲಿಯೇ ತಾಗಿ ಗಾಡಿಯನ್ನು ಒರಟಾಗಿಸುತ್ತದೆ.

ಪ್ಯಾರಾಬೋಲಿಕ್ ಸ್ಪ್ರಿಂಗ್ ಎಂಬ ಇನ್ನೊಂದು ಬಗೆಯಿದೆ. ನಡುವೆ ದಪ್ಪವಾಗಿ ತುದಿಗೆ ತೆಳುವಾಗುತ್ತ ಹೋಗುವ ಎರಡರಿಂದ ನಾಲ್ಕು ಪಟ್ಟಿಗಳು ನಡುವೆ ಮತ್ತು ತುದಿಯಲ್ಲಿ ಮಾತ್ರ ಒಂದನ್ನೊಂದು ಮುಟ್ಟುತ್ತವೆ, ಆದ್ದರಿಂದ ಪಟ್ಟಿ ಪಟ್ಟಿ ಉಜ್ಜುವ ಘರ್ಷಣೆ ಬಹಳ ಕಡಿಮೆ. ಸಣ್ಣ ಏರುತಗ್ಗುಗಳಲ್ಲಿ ಇವು ಕೊಡುವ ಹಿತ ಸಾಮಾನ್ಯ ಕಟ್ಟಿನಲ್ಲಿ ಸಿಗುವುದಿಲ್ಲ. ಆದರೆ ಆ ಘರ್ಷಣೆಯೇ ಹಳೆಯ ಗಾಡಿಯಲ್ಲಿ ಕುಲುಕಾಟವನ್ನು ಒಂದಷ್ಟು ತಡೆಯುತ್ತಿತ್ತು ಎಂಬುದನ್ನು ಮರೆಯಬಾರದು. ಪ್ಯಾರಾಬೋಲಿಕ್ ಹಾಕಿ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಗಾಡಿ ತೇಲಾಡುತ್ತದೆ. ಇವುಗಳಿಗೆ ಶಾಕಿನ ಖರ್ಚನ್ನೂ ಸೇರಿಸಿಯೇ ಯೋಚಿಸಿ.

ಕಡಿಮೆ ಖರ್ಚಿನ ದಾರಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಾಗಿದೆ. ಇರುವ ಕಟ್ಟಿಗೆ ಒಂದು ಪಟ್ಟಿ ಸೇರಿಸುವುದು ಆರೋಗ್ಯವಾಗಿರುವ ಕಟ್ಟಿಗೆ, ಅದೂ ಪೂರ್ತಿ ಉದ್ದದ ಪಟ್ಟಿಯಾದರೆ ಒಪ್ಪಬಹುದು; ಗಿಡ್ಡ ಪಟ್ಟಿ ತನ್ನ ತುದಿಯ ಜಾಗದಲ್ಲಿಯೇ ಮೇಲಿನದನ್ನು ಒತ್ತಿ ಬಾಗಿಸಿ ಅಲ್ಲಿಯೇ ಮುರಿಯುವಂತೆ ಮಾಡುತ್ತದೆ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಇಡುವ ಲಿಫ್ಟ್ ಬ್ಲಾಕ್ ಹಿಂದುಗಡೆ ಕಡಿಮೆ ಎತ್ತರದಲ್ಲಿ ಸಹಿಸಬಹುದಾದದ್ದು, ಆದರೆ ಎಂಜಿನ್ ಎಳೆಯುವಾಗ ಆಕ್ಸಲ್ ಹೊರಳಲು ಅದು ಹೆಚ್ಚುವರಿ ಸನ್ನೆಯಾಗಿ ಪಟ್ಟಿಗಳನ್ನು ವಕ್ರವಾಗಿ ತಿರುಚುತ್ತದೆ. ಒಂದರ ಮೇಲೊಂದು ಬ್ಲಾಕ್ ಇಡುವುದನ್ನಾಗಲಿ, ಮುಂದಿನ ಆಕ್ಸಲ್‌ಗೆ ಬ್ಲಾಕ್ ಹಾಕುವುದನ್ನಾಗಲಿ ಎಂದಿಗೂ ಮಾಡಬಾರದು. ಬ್ರೇಕ್ ಹಾಕಿದಾಗ ಅದು ಕಳಚಿಕೊಂಡರೆ ಸ್ಟೇರಿಂಗ್ ಕೈತಪ್ಪುತ್ತದೆ. ಉದ್ದದ ಶ್ಯಾಕಲ್ ಹಾಕಿದರೆ ಅದರ ಹೆಚ್ಚುವರಿ ಉದ್ದದ ಸುಮಾರು ಅರ್ಧ ಮಾತ್ರ ಎತ್ತರವಾಗಿ ಸಿಗುತ್ತದೆ. ಜೊತೆಗೆ ಆಕ್ಸಲ್ ತುಸು ಹೊರಳುತ್ತದೆ, ಕಟ್ಟು ಪಕ್ಕಕ್ಕೆ ಅಲುಗುವುದೂ ಹೆಚ್ಚುತ್ತದೆ.

ಶ್ಯಾಕಲ್‌ನ ಕೋನವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕಮಾನು ಹೆಚ್ಚು ಬಾಗಿದಷ್ಟೂ ಅದರ ಎರಡು ಕಣ್ಣುಗಳು, ಅಂದರೆ ತುದಿಯಲ್ಲಿ ಸುರುಳಿ ಮಾಡಿದ ತೂತುಗಳು, ಹತ್ತಿರ ಬರುತ್ತವೆ, ಭಾರ ಬಿದ್ದು ಚಪ್ಪಟೆಯಾದಷ್ಟೂ ದೂರ ಸರಿಯುತ್ತವೆ. ಈ ಸರಿಯುವಿಕೆಗೆ ಜಾಗ ಕೊಡುವುದೇ ಶ್ಯಾಕಲ್ ಕೆಲಸ. ಚಾಸಿಯಿಂದ ಕೆಳಕ್ಕೆ ಇಳಿಬಿದ್ದ ಶ್ಯಾಕಲ್‌ನ ಕೆಳತುದಿ, ಖಾಲಿ ಗಾಡಿ ನಿಂತಾಗ, ಸ್ಪ್ರಿಂಗಿನ ಇನ್ನೊಂದು ಸ್ಥಿರ ತುದಿಯಿಂದ ದೂರಕ್ಕೆ ವಾಲಿರಬೇಕು. ಅತಿಯಾಗಿ ಬಾಗಿಸಿದ ಅಗ್ಗದ ಲಿಫ್ಟ್ ಸ್ಪ್ರಿಂಗ್ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ, ಕೆಲವೊಮ್ಮೆ ಒಳಕ್ಕೇ ಎಳೆದುಬಿಡುತ್ತದೆ. ಆಗ ಹಂಪಿನ ಬಡಿತವನ್ನು ಸ್ಪ್ರಿಂಗ್ ನುಂಗದೆ ನೇರವಾಗಿ ಚಾಸಿಗೆ ದಾಟಿಸುತ್ತದೆ, ಚಕ್ರ ಪೂರ್ತಿ ಇಳಿಬಿದ್ದಾಗ ಶ್ಯಾಕಲ್ ತಿರುಗಿ ಚಾಸಿಗೆ ಕಚ್ಚಿಕೊಳ್ಳುವ ಅಪಾಯವೂ ಇದೆ. ಕಮಾನಿನ ಬಾಗನ್ನು ತುಸುವೇ ಹೆಚ್ಚಿಸಿ ಮುಖ್ಯ ಪಟ್ಟಿಯನ್ನು ಉದ್ದಮಾಡಿದ ಸ್ಪ್ರಿಂಗ್ ಈ ತೊಂದರೆಯನ್ನು ತಪ್ಪಿಸುತ್ತದೆ.

ಕೈಗೆ ಸಿಕ್ಕ ಕಟ್ಟಿನ ಗುಣಮಟ್ಟ ತಿಳಿಯಲು ತುದಿಗಳನ್ನು ನೋಡಿ. ಚೌಕವಾಗಿ ಕತ್ತರಿಸಿ ಬಿಟ್ಟ ತುದಿಗಿಂತ ತೆಳುವಾಗಿ ಇಳಿಸಿ ಮೂಲೆ ಉರುಟು ಮಾಡಿದ ತುದಿ ಒಳ್ಳೆಯದು, ಅದರ ಕೆಳಗೆ ಉಜ್ಜುವಿಕೆ ತಡೆಯುವ ಪ್ಯಾಡ್ ಇದ್ದರೆ ಇನ್ನೂ ಒಳ್ಳೆಯದು. ಎರಡನೆಯ ಪಟ್ಟಿ ಮುಖ್ಯ ಪಟ್ಟಿಯ ಕಣ್ಣನ್ನು ಸುತ್ತಿಕೊಂಡಿದ್ದರೆ, ಮುಖ್ಯ ಪಟ್ಟಿ ಮುರಿದ ದಿನವೂ ಆಕ್ಸಲ್ ಜಾಗ ಬಿಡದೆ ನಿಲ್ಲುತ್ತದೆ. ದೂರದ ದಾರಿ ಹೋಗುವವರು ಇದನ್ನು ಕೇಳಿಯೇ ಕೊಳ್ಳಬೇಕು. ಉಕ್ಕಿನ ದರ್ಜೆ, ಪಟ್ಟಿಯ ಎಳೆತದ ಮೈಗೆ ಶಾಟ್ ಪೀನಿಂಗ್ (ಸಣ್ಣ ಗುಂಡುಗಳನ್ನು ಹೊಡೆದು ಮೈ ಗಟ್ಟಿ ಮಾಡುವುದು) ಆಗಿದೆಯೇ, ಬಾಗಿಸಿ ಮೊದಲೇ ಕೂರಿಸಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ತಯಾರಕರ ಬಳಿ ನೇರ ಉತ್ತರವಿರಬೇಕು. ಮೊದಲೇ ಕೂರಿಸದ ಸ್ಪ್ರಿಂಗ್ ನಿಮ್ಮ ಗಾಡಿಯ ಕೆಳಗೆ ಬಂದು ಕೂರುತ್ತದೆ, ನೀವು ದುಡ್ಡು ಕೊಟ್ಟ ಎತ್ತರ ಕೆಲವೇ ತಿಂಗಳಲ್ಲಿ ಕರಗುತ್ತದೆ.

ತರಿಸುವ ಮುನ್ನ ಗಾಡಿಯಲ್ಲಿಯೇ ಅಳೆದುಕೊಳ್ಳಬೇಕಾದವು: ಪಟ್ಟಿಯ ಅಗಲ, ಮುಂದಿನ ಕಣ್ಣಿನಿಂದ ಪಟ್ಟಿಗಳನ್ನು ನಡುವೆ ಸೇರಿಸುವ ಸೆಂಟರ್ ಬೋಲ್ಟಿಗೆ ಮತ್ತು ಅಲ್ಲಿಂದ ಹಿಂದಿನ ಕಣ್ಣಿಗೆ ಇರುವ ದೂರ, ಎರಡೂ ಕಣ್ಣುಗಳ ಬುಶ್ ಒಳಅಳತೆ, ಸೆಂಟರ್ ಬೋಲ್ಟ್ ತಲೆಯ ವ್ಯಾಸ, ಆಕ್ಸಲ್ ಟ್ಯೂಬಿನ ವ್ಯಾಸ. ಮುಂದಿನ ಹಿಂದಿನ ದೂರಗಳು ಅನೇಕ ಗಾಡಿಗಳಲ್ಲಿ ಸಮವಾಗಿರುವುದಿಲ್ಲ. ಹಳೆಯ ಗಾಡಿಯಲ್ಲಿ ಯಾರೋ ಯಾವಾಗಲೋ ಬೇರೆ ಮಾದರಿಯ ಆಕ್ಸಲ್ ಅಥವಾ ಕಟ್ಟು ಹಾಕಿರುವ ಸಾಧ್ಯತೆ ಇರುವುದರಿಂದ ಮಾದರಿಯ ವರ್ಷ ಹೇಳಿ ತರಿಸಿದರೆ ಸಾಲದು.

ಮುಂಭಾಗ

ಮುಂದೆ ಯಾವ ವ್ಯವಸ್ಥೆ ಇದೆ ಎಂಬುದರ ಮೇಲೆ ಎಷ್ಟು ಎತ್ತರಿಸಬಹುದು ಎಂಬುದು ನಿಂತಿದೆ. ಒಂದೇ ಹೆಸರಿನ ಗಾಡಿಯಲ್ಲಿಯೂ ಇದು ಕಾಲಕ್ಕೆ ತಕ್ಕಂತೆ ಬದಲಾಗಿದೆ. 1979ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಫೋರ್-ವೀಲ್ ಡ್ರೈವ್ ಮುಂದೆಯೂ ಗಟ್ಟಿ ಆಕ್ಸಲ್ ಮತ್ತು ಕಮಾನು ಪಟ್ಟಿಗಳ ಮೇಲೆ ಕೂತಿತ್ತು. ಅಮೆರಿಕದಲ್ಲಿ ಮಾರಿದ ಅದೇ ಪಿಕಪ್ 1986ರ ಮಾದರಿಯಿಂದ ಟಾರ್ಷನ್ ಬಾರಿಗೆ, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳಿಗೆ, ಬದಲಾಯಿತು. ಶೆವರ್ಲೆಯ ದೊಡ್ಡ ಫೋರ್-ವೀಲ್ ಡ್ರೈವ್ ಪಿಕಪ್ಪುಗಳು 1988ರಲ್ಲಿ ಇದೇ ದಾರಿ ಹಿಡಿದವು. 1980ರಿಂದ 1996ರವರೆಗಿನ ಫೋರ್ಡ್ ಎಫ್-150ರ ಫೋರ್-ವೀಲ್ ಡ್ರೈವ್ ಮಾದರಿಗಳಲ್ಲಿ ನಡುವೆ ಮುರಿದಂತಿರುವ ಎರಡು ತೋಳುಗಳ ಆಕ್ಸಲ್ ಮತ್ತು ಕಾಯಿಲ್ ಸ್ಪ್ರಿಂಗ್ ಇದೆ. ಅದನ್ನು ಎತ್ತಿದರೆ ಚಕ್ರದ ಮೇಲ್ಭಾಗ ಹೊರಕ್ಕೆ ವಾಲುತ್ತದೆ, ತೋಳುಗಳ ಕೀಲನ್ನು ಕೆಳಗಿಳಿಸುವ ಬ್ರಾಕೆಟ್ ಅಥವಾ ಕ್ಯಾಂಬರ್ (ಚಕ್ರದ ಈ ವಾಲು) ಸರಿಪಡಿಸುವ ಬುಶ್ ಇಲ್ಲದೆ ಟೈರಿನ ಹೊರ ಅಂಚು ಬೇಗ ಸವೆಯುತ್ತದೆ.

ಟಾರ್ಷನ್ ಬಾರನ್ನು ಅದರ ಬೋಲ್ಟ್ ತಿರುಗಿಸಿಯೇ ಎತ್ತರಿಸಬಹುದು, ಅದಕ್ಕಾಗಿಯೇ ಅದು ಎಲ್ಲರಿಗೂ ಪ್ರಿಯ. ಆದರೆ ತಿರುಗಿಸಿದರೆ ಬಾರಿನ ಬಿಗಿತ ಬದಲಾಗುವುದಿಲ್ಲ, ಚಕ್ರ ಕೆಳಗಿಳಿಯಲು ಉಳಿದಿದ್ದ ಜಾಗ ಮಾತ್ರ ಖರ್ಚಾಗುತ್ತದೆ. ಮೇಲಿನ ತೋಳು ತನ್ನ ಕೆಳ ರಬ್ಬರಿಗೆ ತಾಗಿಕೊಂಡೇ ನಿಂತಿರುವ ಗಾಡಿ ಸಣ್ಣ ಗುಂಡಿಯಲ್ಲಿಯೂ ಟಕ್ಕೆಂದು ಸದ್ದು ಮಾಡುತ್ತದೆ. ಮುಂದೆ ವಿಂಚಿನಂಥ ಭಾರ ಹಾಕಿದ್ದರೆ ದಪ್ಪ ಬಾರನ್ನೇ ಕೊಳ್ಳುವುದು ಸರಿ. ಎರಡು ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಇಂಥ ಸ್ವತಂತ್ರ ವ್ಯವಸ್ಥೆಯಲ್ಲಿ 40–50 ಮಿ.ಮೀ. ದಾಟಿದರೆ ಡ್ರೈವ್ ಶಾಫ್ಟಿನ ಕೀಲುಗಳ ಕೋನ ಕಡಿದಾಗಿ ಅವುಗಳ ರಬ್ಬರ್ ಬೂಟ್ ಹರಿಯತೊಡಗುತ್ತದೆ.

ಕಾಯಿಲ್ ಸ್ಪ್ರಿಂಗಿನ ಬಿಗಿತ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ: 14 ಮಿ.ಮೀ. ತಂತಿ 15 ಆದರೆ, ಸುತ್ತುಗಳು ಮತ್ತು ಸುತ್ತಿನ ವ್ಯಾಸ ಅಷ್ಟೇ ಇದ್ದರೂ, ಬಿಗಿತ ಸುಮಾರು ಶೇ. 32 ಏರುತ್ತದೆ. ಅದರಿಂದ ಕ್ಯಾಲಿಪರ್ ಹಿಡಿದು ಹಳೆಯದನ್ನೂ ಹೊಸದನ್ನೂ ಅಳೆಯುವುದು ವ್ಯರ್ಥವಲ್ಲ. ಸ್ಪ್ರಿಂಗಿನ ಕೆಳಗೆ ಇಡುವ ಸ್ಪೇಸರ್ ಬಿಗಿತವನ್ನು ಮುಟ್ಟದೆ ಎತ್ತರ ಮಾತ್ರ ಕೊಡುತ್ತದೆ, ವಾಲಿದ ಬದಿಯನ್ನು 10 ಮಿ.ಮೀ. ಸರಿಪಡಿಸಲು ಅದು ತಕ್ಕ ಸಾಧನ.

ಮುಂದೆ ಗಟ್ಟಿ ಆಕ್ಸಲ್ ಇದ್ದಲ್ಲಿ ಕ್ಯಾಸ್ಟರ್ ಕೋನವನ್ನು, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನವನ್ನು, ಕಾಯಬೇಕು. ಶ್ಯಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿದ್ದು ಅದನ್ನು ಉದ್ದ ಮಾಡಿದರೆ ಕ್ಯಾಸ್ಟರ್ ಇಳಿಯುತ್ತದೆ, ಗಾಡಿ ನೇರ ದಾರಿಯಲ್ಲಿಯೂ ಅತ್ತಿತ್ತ ಅಲೆಯುತ್ತದೆ, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಹಿಂತಿರುಗುವುದಿಲ್ಲ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ 2ರಿಂದ 4 ಡಿಗ್ರಿಯ ಉಕ್ಕಿನ ವೆಜ್ (ಬೆಣೆ) ಇಟ್ಟು ಇದನ್ನು ಸರಿಪಡಿಸುತ್ತಾರೆ. ಅಲ್ಯುಮಿನಿಯಂ ವೆಜ್ ಬೇಡ, ಅದು ಒತ್ತಡಕ್ಕೆ ಸೀಳಿ ಹೊರಬರುತ್ತದೆ.

ಎತ್ತರ ತಟ್ಟುವ ಉಳಿದ ಭಾಗಗಳು

ಹಳೆಯ ಪಿಕಪ್ಪುಗಳಲ್ಲಿ ಬಹುತೇಕ ಯಾರೂ ನೋಡದ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ ಭಾಗ ಹಿಂದಿನ ಬ್ರೇಕಿನ ಭಾರ ಗ್ರಹಿಸುವ ವಾಲ್ವ್. ಚಾಸಿಗೆ ಕೂರಿಸಿದ ಈ ವಾಲ್ವ್‌ನಿಂದ ಒಂದು ಸರಳು ಹೊರಟು ಹಿಂದಿನ ಆಕ್ಸಲ್‌ಗೆ ಸೇರಿರುತ್ತದೆ. ಹಿಂಭಾಗ ತಗ್ಗಿದಾಗ ಗಾಡಿಯಲ್ಲಿ ಭಾರವಿದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಏರಿದಾಗ ಕಡಿಮೆ ಮಾಡುತ್ತದೆ. ಎತ್ತರದ ಸ್ಪ್ರಿಂಗ್ ಹಾಕಿದ ಮೇಲೆ ಗಾಡಿ ತುಂಬಿದ್ದರೂ ವಾಲ್ವ್ ಅದನ್ನು ಖಾಲಿಯೆಂದೇ ತಿಳಿಯುತ್ತದೆ. ಹಿಂದಿನ ಬ್ರೇಕ್ ಅರೆಬರೆ ಹಿಡಿದು ನಿಲ್ಲುವ ದೂರ ಹೆಚ್ಚುತ್ತದೆ. ಎತ್ತರಿಸಿದಷ್ಟೇ ಸರಳಿನ ಬ್ರಾಕೆಟನ್ನೂ ಎತ್ತರಿಸಿ, ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ ವಾಲ್ವ್ ಹೊಂದಿಸಬೇಕು.

ಬ್ರೇಕ್ ಹೋಸುಗಳನ್ನು ಪರೀಕ್ಷಿಸಲು ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ಚಕ್ರಗಳನ್ನು ಪೂರ್ತಿ ಇಳಿಬಿಡಿ, ಮುಂದಿನವನ್ನು ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ ನೋಡಿ. ಆಗಲೂ ಹೋಸ್ ಸಡಿಲವಾಗಿ ತೂಗುತ್ತಿರಬೇಕು. ಇದೇ ಸ್ಥಿತಿಯಲ್ಲಿ ಶಾಕ್ ಅಬ್ಸಾರ್ಬರ್ ಮೇಲಿನ ಮತ್ತು ಕೆಳಗಿನ ಹಿಡಿತಗಳ ನಡುವಿನ ದೂರ ಅಳೆದರೆ ಹೊಸ ಶಾಕ್ ಚಾಚಿದಾಗ ಎಷ್ಟು ಉದ್ದವಿರಬೇಕು ಎಂಬುದು ಸಿಗುತ್ತದೆ. ಕಮಾನು ಪಟ್ಟಿಯ ಗಾಡಿಯಲ್ಲಿ ಆಕ್ಸಲ್ ಇಳಿಯುವುದನ್ನು ಶಾಕೇ ಹಿಡಿದು ನಿಲ್ಲಿಸಬಾರದು. ಮೇಲೇರುವಾಗ ಶಾಕ್ ಒಳಗೆ ಬಡಿಯುವ ಮೊದಲು ಬಂಪ್ ಸ್ಟಾಪ್ ತಾಗಬೇಕು. ಸ್ಪ್ರಿಂಗ್ ಬಿಗಿಯಾದಷ್ಟೂ ಅದು ಚಿಮ್ಮುವ ಬಲ ಹೆಚ್ಚುವುದರಿಂದ ಶಾಕಿನ ಮರುಚಿಮ್ಮು ತಡೆಯುವ ಶಕ್ತಿಯೂ ಹೆಚ್ಚಿರಬೇಕು, ಆದ್ದರಿಂದ ಸ್ಪ್ರಿಂಗ್ ಮತ್ತು ಶಾಕನ್ನು ಒಟ್ಟಿಗೆ ಹೊಂದಿಸಿ ಮಾರುವ ಜೋಡಿಯನ್ನೇ ಕೊಳ್ಳುವುದು ಜಾಣತನ.

ಪ್ರೊಪೆಲರ್ ಶಾಫ್ಟಿನ ಕೋನ ಬದಲಾದರೆ ಹೊರಡುವಾಗ ಅಥವಾ ಒಂದು ನಿರ್ದಿಷ್ಟ ವೇಗದಲ್ಲಿ ನೆಲ ನಡುಗಿದಂತೆ ಕಂಪನ ಬರುತ್ತದೆ. ಎರಡು ತುಂಡಿನ ಶಾಫ್ಟಿನಲ್ಲಿ ನಡುವಿನ ಬೇರಿಂಗನ್ನು ಸ್ವಲ್ಪ ಕೆಳಗಿಳಿಸುವ ಸ್ಪೇಸರ್ ಇದಕ್ಕೆ ಸಾಕಾಗುತ್ತದೆ. ಒಂದೇ ತುಂಡಿನದರಲ್ಲಿ ಡಿಫರೆನ್ಷಿಯಲ್‌ನ ಪಿನಿಯನ್ ಶಾಫ್ಟ್ (ಪ್ರೊಪೆಲರ್ ಶಾಫ್ಟ್ ಬಂದು ಸೇರುವ ಶಾಫ್ಟ್) ಗೇರ್‌ಬಾಕ್ಸಿನ ಹೊರಶಾಫ್ಟಿಗೆ ಸಮಾಂತರವಾಗಿ ಉಳಿಯಬೇಕು. ಎತ್ತರ ಹೆಚ್ಚಿಸಲು ನೋಂದಣಿ ನಿಯಮಗಳಲ್ಲಿ ಮಿತಿಯೂ ಅನುಮೋದನೆಯ ಕ್ರಮವೂ ಇರಬಹುದು; ದುಡ್ಡು ಕೊಡುವ ಮೊದಲೇ ವಿಚಾರಿಸಿ, ವಿಮೆಯವರಿಗೂ ತಿಳಿಸಿ. ಎಲ್ಲ ಕೂಡಿಸಿ ನೋಡಿದರೆ, ಮೂಲ ಎತ್ತರಕ್ಕಿಂತ 40ರಿಂದ 50 ಮಿ.ಮೀ. ಒಳಗೆ ನಿಂತವರಿಗೆ ಈ ಹೊಂದಾಣಿಕೆಗಳೆಲ್ಲ ಕೈಗೆಟುಕುವ ಮಟ್ಟದಲ್ಲಿರುತ್ತವೆ. ಅದರಾಚೆ ಒಂದೊಂದು ಸೆಂಟಿಮೀಟರೂ ಇನ್ನೊಂದು ಭಾಗವನ್ನು ಬದಲಿಸುವಂತೆ ಮಾಡುತ್ತದೆ, ತಿರುವಿನಲ್ಲಿ ಗಾಡಿ ಪಕ್ಕಕ್ಕೆ ವಾಲುವುದೂ ಹೆಚ್ಚುತ್ತದೆ.

ಕೂರಿಸುವಾಗ

ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟುಗಳನ್ನು ಹೊಸದಾಗಿ ಕೊಳ್ಳಿ. ಒಮ್ಮೆ ಪೂರ್ತಿ ಬಿಗಿದ ಯು-ಬೋಲ್ಟ್ ಹಿಗ್ಗಿರುತ್ತದೆ, ಮತ್ತೆ ಬಿಗಿದರೆ ಮೊದಲಿನ ಹಿಡಿತ ಬರುವುದಿಲ್ಲ. ಅದು ಸಡಿಲಾದರೆ ಸೆಂಟರ್ ಬೋಲ್ಟ್ ಕತ್ತರಿಸಿಹೋಗಿ ಆಕ್ಸಲ್ ಜಾರುತ್ತದೆ. ನಾಲ್ಕು ನಟ್ಟುಗಳನ್ನು ಅಡ್ಡಕ್ಕಡ್ಡ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸುತ್ತ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಹಳೆಯ ಗಾಡಿಯಲ್ಲಿ ಕಣ್ಣಿನ ಬೋಲ್ಟ್ ಬುಶ್ಶಿನ ಒಳಕೊಳವೆಗೆ ತುಕ್ಕಿನಿಂದ ಕಚ್ಚಿರುವುದು ಸಾಮಾನ್ಯ. ಕೆಲಸಕ್ಕೆ ಕೆಲವು ದಿನ ಮುಂಚಿನಿಂದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತ ಬನ್ನಿ, ಬೋಲ್ಟ್ ಮತ್ತು ಬುಶ್ಶುಗಳ ಹೊಸ ಜೋಡಿಯನ್ನೂ ಕೈಯಲ್ಲಿಟ್ಟುಕೊಳ್ಳಿ. ಮುಂದಿನ ಕಾಯಿಲ್ ಸ್ಪ್ರಿಂಗ್ ಬಿಚ್ಚುವುದಾದರೆ ಒಳ್ಳೆಯ ಕಂಪ್ರೆಸರ್ ಇಲ್ಲದೆ ಕೈಹಾಕಬಾರದು.

ರಬ್ಬರ್ ಬುಶ್ಶಿನ ವಿಷಯದಲ್ಲಿ ಗ್ಯಾರೇಜುಗಳಲ್ಲಿಯೂ ಆಗಾಗ ತಪ್ಪು ನಡೆಯುತ್ತದೆ. ಗಾಡಿ ಸ್ಟ್ಯಾಂಡಿನ ಮೇಲಿದ್ದು ಆಕ್ಸಲ್ ಇಳಿಬಿದ್ದಿರುವಾಗಲೇ ಕಣ್ಣಿನ ಮತ್ತು ಶ್ಯಾಕಲ್ಲಿನ ಬೋಲ್ಟುಗಳನ್ನು ಪೂರ್ತಿ ಬಿಗಿದರೆ ಬುಶ್ಶಿನ ಒಳಕೊಳವೆ ಅದೇ ಕೋನದಲ್ಲಿ ಕಚ್ಚಿಕೊಳ್ಳುತ್ತದೆ. ಗಾಡಿಯನ್ನು ನೆಲಕ್ಕಿಳಿಸಿದಾಗ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಆ ತಿರುಚು ಗಾಡಿಯನ್ನು ಸುಳ್ಳು ಎತ್ತರದಲ್ಲಿ ಹಿಡಿದಿಡುತ್ತದೆ, ರಬ್ಬರು ಬೇಗ ಹರಿಯುತ್ತದೆ. ಬೋಲ್ಟುಗಳನ್ನು ಮೊದಲು ಕೈಬಿಗಿಗೆ ಮಾತ್ರ ನಿಲ್ಲಿಸಿ, ಚಕ್ರಗಳ ಮೇಲೆ ಗಾಡಿಯನ್ನು ಇಳಿಸಿ, ಹಿಂದೆಮುಂದೆ ತಳ್ಳಿ, ಹಿಂಭಾಗವನ್ನು ಕೆಲವು ಸಲ ಕುಲುಕಿ, ಆಮೇಲೆ ಅಂತಿಮ ಟಾರ್ಕ್ ಕೊಡಬೇಕು.

ಹೊಸ ಸ್ಪ್ರಿಂಗ್ ಮೊದಲ ಕೆಲವು ವಾರ ಸ್ವಲ್ಪ ಕೂರುತ್ತದೆ, ಆ ಅವಧಿಯಲ್ಲಿ ಕಟ್ಟಿನ ಬಣ್ಣವೂ ತೆಳು ತುಕ್ಕೂ ಒತ್ತಿ ಹೋಗಿ ಯು-ಬೋಲ್ಟ್ ಸಡಿಲಾಗುತ್ತದೆ. 500ರಿಂದ 1000 ಕಿ.ಮೀ. ಓಡಿದ ಮೇಲೆ ಪ್ರತಿಯೊಂದು ನಟ್ಟಿಗೂ ಮತ್ತೆ ಟಾರ್ಕ್ ಹಾಕಿ, ನಾಲ್ಕು ಮೂಲೆಗಳನ್ನು ಮತ್ತೆ ಅಳೆದು, ಬ್ರೇಕ್ ವಾಲ್ವ್‌ನ ಸರಳನ್ನು ಇನ್ನೊಮ್ಮೆ ನೋಡಿ. ಎತ್ತರಿಸಿದ ದಿನವೇ ಹೆಡ್‌ಲೈಟಿನ ಬೆಳಕನ್ನು ಕೆಳಗಿಳಿಸಿ, ಚಕ್ರಗಳ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಹೊಂದಿಸಿಕೊಳ್ಳಿ. ಪೂರ್ತಿ ವೀಲ್ ಅಲೈನ್‌ಮೆಂಟನ್ನು ಸ್ಪ್ರಿಂಗ್ ಕೂತ ನಂತರವೇ ಮಾಡಿಸಿ, ದಿನನಿತ್ಯದ ಭಾರ ಗಾಡಿಯಲ್ಲಿ ಇರುವಾಗ.